ಮಾಜಿ ಸೈನಿಕರ ಮಾತ್ರೆ, ಪಿಎಚ್‌ಸಿ ಮಾತ್ರೆ: ಸ್ಟಾಕ್ ಒಂದೇ ಮಾಡ್ಬಹುದಾ?

ತೀರ್ಥಹಳ್ಳಿ ಹುಡುಗ: ಅಪ್ಪ ಮಾಜಿ ಸೈನಿಕರು, ಬಿಪಿ ಮಾತ್ರೆ ಇಸಿಎಚ್‌ಎಸ್‌ನಿಂದ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಬರ್ಬೇಕು, ಅದೇ ಮಾತ್ರೆ ಊರಿನ ಪಿಎಚ್‌ಸಿಲೂ (ಪ್ರಾಥಮಿಕ ಆರೋಗ್ಯ ಕೇಂದ್ರ) ಇರುತ್ತೆ, ಎರಡರ ಸ್ಟಾಕೂ ಸೇರಿಸಿ ಮಾಡೆಲ್ ಮಾಡಿದ್ರೆ ಏನಾದ್ರೂ ಉಳಿಯುತ್ತಾ? ಎಂಬಿಎ ಪ್ರಾಜೆಕ್ಟಿಗೆ.

ಅಡಿಕೆ ಭಟ್ಟ: ಉಳಿಯುತ್ತೆ ಮಾರಾಯ. ಎರಡು ಕಡೆ ಬೇಡಿಕೆಯ ಏರಿಳಿತ ಒಂದೇ ಪ್ರಮಾಣದ್ದು, ಆದ್ರೆ ಒಂದಕ್ಕೊಂದು ಸಂಬಂಧ ಇಲ್ಲ ಅಂದ್ರೆ ಒಟ್ಟು ಸೇಫ್ಟಿ ಸ್ಟಾಕ್ (ಕೊರತೆ ಆಗದಂತೆ ಇಡೋ ಹೆಚ್ಚುವರಿ ದಾಸ್ತಾನು) ಬೇರೆ ಬೇರೆ ಇಡೋದರ ಸುಮಾರು 70% ಸಾಕು, ವರ್ಗಮೂಲದ ಲೆಕ್ಕ. ಆದ್ರೆ ಜುಲೈಲಿ ಘಾಟಿ ಕುಸಿದ್ರೆ ಲಾರಿ ಎಲ್ಲಿಂದ ಬರ್ಬೇಕು? ಮಳೆಗಾಲದ ಲೀಡ್ ಟೈಮ್ (ಆರ್ಡರ್ ಮಾಡಿ ಮಾಲು ಬರೋ ತನಕದ ಸಮಯ) ಬೇರೆ ಹಾಕು, ವರ್ಷದ ಸರಾಸರಿ ಹಾಕ್ಬೇಡ.

ಸಾಗರದವ: ದುಡ್ಡು ಯಾರದ್ದು ಸ್ವಾಮಿ? 2003ರಲ್ಲಿ ಶುರುವಾದ ಇಸಿಎಚ್‌ಎಸ್ ರಕ್ಷಣಾ ಸಚಿವಾಲಯದ್ದು, ಪಿಎಚ್‌ಸಿ ರಾಜ್ಯದ್ದು. ಸೇನೆಲಿ ಔಷಧಿಗೆ ಪಿವಿಎಂಎಸ್ ನಂಬರು (ಸೇನೆಯ ಔಷಧ ಪಟ್ಟಿಯ ಕೋಡ್) ಬೇರೆ. ಮೊದ್ಲು ಜೆನೆರಿಕ್ ಹೆಸ್ರು, ಮಿಲಿಗ್ರಾಂ ನೋಡಿ ಪಟ್ಟಿ ಹೊಂದಿಸ್ಕೊಳ್ಳಿ.

ಹೊಸನಗರ ಫಾರ್ಮಸಿ: ಹಾವಿನ ವಿಷದ ಇಂಜೆಕ್ಷನ್ ಮಾತ್ರ ಒಂದೇ ಗೋಡೌನಿಗೆ ಸೇರಿಸ್ಬೇಡಿ ಅಣ್ಣ, ಬಳಕೆ ಆಗ್ದೆ ಎಕ್ಸ್‌ಪೈರಿ ಆಗಿ ಬಿಸಾಡಿದ್ರೂ ಪರ್ವಾಗಿಲ್ಲ, ಹತ್ರದಲ್ಲೇ ಇರ್ಲಿ.