ಸುಧಾ, ಚೇತನ್ ಕೆಲಸದ ವಿಷಯಕ್ಕೆ

ಸುಧಾ, ನಿನ್ನ ಮೆಸೇಜು ಈಗ ನೋಡ್ದೆ ಕಣವ್ವ. ಚೇತನ್‌ಗೆ ನರಸಾಪುರದ ಕಡೆ ಫ್ಯಾಕ್ಟರೀಲಿ ಏಜೆನ್ಸಿ ಮೂಲಕ ಕೆಲಸ, ಸಂಬಳ 18,000, ಪಿಎಫ್ ಬೇಡ ಅಂತ ಬರ್ಕೊಟ್ರೆ ತಿಂಗಳಿಗೆ 1,800 ಕೈಗೇ ಉಳಿಯುತ್ತೆ ಅಂತಾವ್ರೆ, ಏನ್ಮಾಡ್ಲಿ ದೊಡ್ಡಪ್ಪ ಅಂತ ಕೇಳಿದೀಯ. ಸರ್ಕಾರ 15,000 ಕೊಡುತ್ತಂತೆ, ನಿಜಾನಾ ಅಂತಾನೂ ಕೇಳಿದೀಯ. ಟೈಪ್ ಮಾಡೋದು ನನ್ ಕೈಲಾಗಲ್ಲ, ಬಾಯಲ್ಲೇ ಹೇಳ್ತೀನಿ. ಉದ್ದ ಆಯ್ತು ಅಂತ ಯಾರೂ ಗೊಣಗಬೇಡಿ. ಶ್ರೀಕಂಠ, ನಿನಗೇ ಹೇಳಿದ್ದು.

ನಾನು ಪೀಣ್ಯದಲ್ಲಿ ಇದ್ದಿದ್ದು ನಿಮಗೆಲ್ಲ ಗೊತ್ತು. ನಿಮ್ಮಪ್ಪನೂ ಆಗ ನನ್ನ ರೂಮಲ್ಲೇ ಇದ್ದ. ಪರ್ಮನೆಂಟ್ ಆಗೋಕೆ ಮುಂಚೆ ಒಬ್ಬ ಕಂಟ್ರಾಕ್ಟರ್ ಕೈಕೆಳಗೆ ಲೇತ್ ಮೇಲೆ ದುಡಿದೆ. ಅವನ ಹೆಸರು ಬೇಡ, ಸಂಬಂಧಿಕರು ನಮ್ಮ ಬೀದೀಲೇ ಅವ್ರೆ. ಸಂಬಳ ಕಂದು ಕವರಲ್ಲಿ ಹಾಕಿ ಕೊಡೋನು. ಕವರ್ ಮೇಲೆ ಇಷ್ಟು ಸಂಬಳ, ಇಷ್ಟು ಅಡ್ವಾನ್ಸು, ಇಷ್ಟು ಪಿಎಫ್ ಅಂತ ಬರ್ದಿರೋನು. ಪೆನ್ಸಿಲ್ಲಲ್ಲಿ! ಪೆನ್ನಲ್ಲಿ ಬರೆಯೋ ಮನುಷ್ಯನೇ ಅಲ್ಲ ಅವನು. ಇನ್ನೇನು ಆರು ತಿಂಗಳು ತುಂಬ್ತು ಅನ್ನೋವಾಗ ರಿಜಿಸ್ಟರಿಂದ ಹೆಸರು ಹೊಡೆದುಹಾಕಿ, ನಾಕು ದಿನ ಮನೇಲಿರು ಅಂತಿದ್ದ. ಆಮೇಲೆ ಹೊಸಬ ಅಂತ ಮತ್ತೆ ಸೇರಿಸ್ಕೊಳ್ಳೋದು. ಹಿಂಗೇ ವರ್ಷಗಟ್ಟಲೆ.

ರುಕ್ಮಿಣಿ ಮದುವೆಗೆ ದುಡ್ಡು ಬೇಕಾಯ್ತು, ಪಿಎಫ್ ಆಫೀಸಿಗೆ ಹೋದೆ. ಗುಮಾಸ್ತ ಪಾಪ ಒಳ್ಳೆಯವನು, ದಪ್ಪ ಲೆಡ್ಜರು ತಂದಿಟ್ಟು ಬೆರಳಿಗೆ ಎಂಜಲು ಹಚ್ಕೊಂಡು ಒಂದೊಂದೇ ಹಾಳೆ ತಿರುವಿದ. ನಿಮ್ಮ ಹೆಸರಿಲ್ಲ ಯಜಮಾನ್ರೇ ಅಂದ. ಕಂಟ್ರಾಕ್ಟರ್ ಹೆಸರಲ್ಲಿ ನೋಡಪ್ಪ ಅಂದೆ. ಅದೂ ಇಲ್ಲ. ಶೆಡ್ಡಿಗೆ ಹೋದ್ರೆ ಬೀಗ, ಹೊಸೂರು ಕಡೆ ಹೋದ ಅಂದ್ರು. ನಮ್ಮ ಸಂಬಳದಲ್ಲಿ ಮುರ್ಕೊಂಡಿದ್ದನ್ನ ಒಂದು ತಿಂಗಳೂ ಕಟ್ಟಿರಲಿಲ್ಲ ಪುಣ್ಯಾತ್ಮ. ಅದಕ್ಕೇ ಹೇಳೋದು, ಪಿಎಫ್ ಕಟ್ ಮಾಡ್ತೀವಿ ಅನ್ನೋ ಬಾಯಿಮಾತು ನಂಬಬೇಡ, ಕಟ್ಟಿದಾರಾ ಅಂತ ಪಾಸ್‌ಬುಕ್ಕಲ್ಲಿ ನೋಡು.

ಈಗ ಸರ್ಕಾರದ 15,000. ನಿಜಾನೇ. ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಅಂತ, 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಕೆಲಸಕ್ಕೆ ಸೇರೋರಿಗೆ. 99,446 ಕೋಟಿ ಇಟ್ಟು ಮೂರೂವರೆ ಕೋಟಿ ಕೆಲಸ ಹುಟ್ಟಿಸ್ತೀವಿ ಅಂದವ್ರೆ. ಹುಟ್ಟುತ್ತೋ ಇಲ್ವೋ ಆ ಮಾತು ಬೇರೆ. ಆದ್ರೆ ಲೆಕ್ಕ ಪೂರ್ತಿ ಪಿಎಫ್ ಮೇಲೇ. ಪಿಎಫ್ ಇಲ್ದೆ ಬೆವರು ಸುರಿಸಿದ್ರೂ ಸರ್ಕಾರದ ಕಣ್ಣಿಗೆ ಚೇತನ್ ಕೆಲಸಕ್ಕೇ ಸೇರಿಲ್ಲ. ಮೊದಲ ಸಲ ಪಿಎಫ್‌ಗೆ ಸೇರೋನಿಗೆ ಒಂದು ತಿಂಗಳ ಸಂಬಳದಷ್ಟು, ಹೆಚ್ಚು ಅಂದ್ರೆ 15,000, ಎರಡು ಕಂತು. ಆರು ತಿಂಗಳಿಗೆ ಒಂದು, ವರ್ಷಕ್ಕೆ ಒಂದು. ನಮ್ಮ ಕಂಟ್ರಾಕ್ಟರ್ ಥರದೋನು ಆರು ತಿಂಗಳಿಗೆ ಮುಂಚೆ ಹೆಸರು ಹೊಡೆದ್ರೆ ಎರಡೂ ಹೋಯ್ತು!

ಕೆಲಸ ಕೊಟ್ಟೋರಿಗೂ ದುಡ್ಡಿದೆ. ಹೊಸ ಜನ ಹೆಚ್ಚಿಗೆ ಸೇರಿಸಿ ಉಳಿಸ್ಕೊಂಡ್ರೆ ಚೇತನ್ ಥರದ ಸಂಬಳಕ್ಕೆ ತಿಂಗಳಿಗೆ 2,000. ಅದನ್ನೂ ಬಿಟ್ಟು ಏಜೆನ್ಸಿಯವನು ಪಿಎಫ್ ಬೇಡ ಅಂತಾವ್ನೆ ಅಂದ್ರೆ, ತಾನು ಕಟ್ಟಬೇಕಾದ 12 ಪರ್ಸೆಂಟ್, 15,000ದ ಮೇಲೆ ಲೆಕ್ಕ ಹಾಕಿದ್ರೆ 1,800, ಉಳಿಸ್ಕೊಳ್ಳೋ ಉಪಾಯ. ಹುಡುಗನ ಕೈಗೆ 1,800 ತೋರಿಸಿ ಹುಡುಗನಿಗೇ ಸೇರಬೇಕಾದ ಇನ್ನೊಂದು 1,800 ಜೇಬಿಗೆ ಹಾಕ್ಕೋತಾನೆ. ಮತ್ತೆ ಹೇಳ್ತೀನಿ ಸುಧಾ, ಬಾಯಿಮಾತು ನಂಬಬೇಡ, ಪಾಸ್‌ಬುಕ್ ನೋಡು.

ನನ್ನ ಪಿಂಚಣಿ ಕಥೆ ಕೇಳಿದೀರಾ ಯಾರಾದ್ರೂ? ಕಂಟ್ರಾಕ್ಟರ್ ಹತ್ರ ಇದ್ದ ಅಷ್ಟೂ ವರ್ಷ ಸರ್ವಿಸಲ್ಲಿ ಲೆಕ್ಕಕ್ಕೇ ಬರಲಿಲ್ಲ. 2014ರಲ್ಲಿ ಪಿಎಫ್ ಪಿಂಚಣಿ ಕಮ್ಮಿ ಅಂದ್ರೂ ತಿಂಗಳಿಗೆ 1,000 ಅಂತ ಮಾಡಿದ್ರು, ಹತ್ತು ವರ್ಷ ದಾಟಿದ್ರೂ ಅಲ್ಲಾಡಲಿಲ್ಲ. ನನಗೆ ಬರೋದು ಅದಕ್ಕಿಂತ ಸ್ವಲ್ಪ ಮೇಲೆ, ಬಿಪಿ ಮಾತ್ರೆಗೆ ಸಾಕು. ಡಿಗ್ರಿ ಮಾಡಿ ಮನೇಲಿ ಕೂತೋರಿಗೆ ರಾಜ್ಯ ಸರ್ಕಾರದ ಯುವನಿಧಿ ತಿಂಗಳಿಗೆ 3,000, ಡಿಪ್ಲೊಮಾದೋರಿಗೆ 1,500. ಚೇತನ್ ತಗೊಂಡ, ತಗೊಳ್ಲಿ, ನನಗೇನು ಹೊಟ್ಟೆಕಿಚ್ಚಿಲ್ಲ. ಬದುಕಿದೀನಿ ಅಂತ ಪಿಂಚಣಿಗೆ ಕೊಡೋ ಜೀವನ್ ಪ್ರಮಾಣಕ್ಕೆ ಹೋದ್ರೆ ಬೆರಳಚ್ಚೇ ತಗೊಳ್ಳಲ್ಲ ಮೆಷಿನ್ನು, ಲೇತ್ ಹಿಡಿದು ಹಿಡಿದು ಬೆರಳು ನುಣ್ಣಗಾಗಿವೆ. ಬಾರೋ ಜೊತೆಗೆ ಅಂದ್ರೆ ಶ್ರೀಕಂಠನಿಗೆ ಪುರುಸೊತ್ತಿಲ್ಲ. ದಿನಾ ಬೆಳಗ್ಗೆ ಗುಲಾಬಿ ಹೂ ಕಳಿಸೋಕೆ ಪುರುಸೊತ್ತಿದೆ.

ಅಯ್ಯೋ, ಹೇಳಬೇಕಾಗಿದ್ದೇ ಬಿಟ್ಟೆ. ಬೇಸಿಕ್ಕು, ಡಿಎ ಅಂದ್ರೆ ತುಟ್ಟಿಭತ್ಯೆ ಸೇರಿ 15,000ದೊಳಗಿದ್ದು, ಅಲ್ಲಿ 20 ಜನ ಇಲ್ಲಾ ಅದಕ್ಕಿಂತ ಹೆಚ್ಚು ಕೆಲಸ ಮಾಡ್ತಿದ್ರೆ ಪಿಎಫ್ ಬೇಡ ಅನ್ನೋ ಹಂಗೇ ಇಲ್ಲ. ಅದಕ್ಕೆ ಏನೂ ಬರ್ಕೊಡೋದು ಬೇಡ. ನೇಮಕಾತಿ ಪತ್ರ ಕೇಳ್ಲಿ, ಬೇಸಿಕ್ ಎಷ್ಟು ಅಂತ ಅದರಲ್ಲಿರಬೇಕು. ಸರ್ಕಾರದ ಉಮಂಗ್ ಆ್ಯಪಲ್ಲಿ ಮುಖ ತೋರಿಸಿ ಯುಎಎನ್, ಅಂದ್ರೆ ಪಿಎಫ್‌ನ ಕಾಯಂ ನಂಬರ್, ಮಾಡ್ಕೊಳ್ಲಿ. ಆಧಾರ್ ಲಿಂಕ್ ಆಗಿರೋ ಅಕೌಂಟಿಗೇ ಸರ್ಕಾರದ ಆ 15,000 ಬರೋದು, ಬ್ಯಾಂಕಲ್ಲಿ ವಿಚಾರಿಸ್ಲಿ. ಈ ತಿಂಗಳ ಪಿಎಫ್ ಮುಂದಿನ ತಿಂಗಳು 15ರೊಳಗೆ ಕಟ್ಟಬೇಕು, ಅದಾದ್ಮೇಲೆ ಪಾಸ್‌ಬುಕ್ ತೆಗೆದು ನೋಡ್ಲಿ. ಎರಡನೇ ಕಂತಿಗೆ ಹಣಕಾಸಿನ ಒಂದು ಸಣ್ಣ ಆನ್‌ಲೈನ್ ಪಾಠ ಮುಗಿಸಬೇಕು. 15,000 ಕೊಡಿಸ್ತೀನಿ ಅಂತ ಯಾರಾದ್ರೂ ಲಿಂಕ್ ಕಳಿಸಿದ್ರೆ ಒತ್ತಬೇಡಿ. ಕೆಲಸಕ್ಕೆ ಸೇರಿದ್ಮೇಲೆ ಯುವನಿಧಿ ಬರಲ್ಲ, ಕೆಲಸ ಸಿಕ್ತು ಅಂತ ಅಲ್ಲಿ ತಿಳಿಸ್ಲಿ. ಏಜೆನ್ಸಿ ಕೊಟ್ಟಿರೋ ಕಾಗದದ ಫೋಟೋ ಕಳಿಸು, ನೋಡ್ತೀನಿ. ಗ್ರೂಪಿಗೆ ಹಾಕಬೇಡ, ನನಗೊಬ್ಬನಿಗೇ ಕಳಿಸು.