ಓಆರ್‌ಎಸ್ ಪೊಟ್ಟಣ ಜಗಲಿ ಮ್ಯಾಲೇ ಉಳೀತಾವ, ಏನು ಮಾಡ್ಲಿ?

ಆಶಾ ಕಾರ್ಯಕರ್ತೆ, ರಾಯಚೂರು ಕಡೆ:
ನಮಸ್ಕಾರ್ರೀ. ಹನ್ನೊಂದು ವರ್ಷದಿಂದ ಆಶಾ ಕೆಲಸ ಮಾಡಾಕತ್ತೀನಿ. ಮಳೆಗಾಲ ಬಂತಂದ್ರ ಐದು ವರ್ಷದೊಳಗಿನ ಮಕ್ಕಳಿರೋ ಮನಿಗೆಲ್ಲ ಓಆರ್‌ಎಸ್ ಪೊಟ್ಟಣ, ಅಂದ್ರ ಭೇದಿ ಆದಾಗ ನೀರಾಗ ಕಲಸಿ ಕುಡಿಸೋ ಉಪ್ಪು-ಗ್ಲೂಕೋಸ್ ಪುಡಿ, ಕೊಟ್ಟು ಬರ್ತೀನಿ. ಹೋದ ವಾರ ಒಂದು ಮನ್ಯಾಗ ಒಂಬತ್ತು ತಿಂಗಳ ಕೂಸಿಗೆ ಎರಡು ದಿನದಿಂದ ಭೇದಿ. ಕಣ್ಣು ಒಳಗ ಹೋಗಿದ್ವು. ಹೊಟ್ಟಿ ಚರ್ಮ ಚಿವುಟಿ ಬಿಟ್ರ ಮಡಿಕಿ ಹಂಗೇ ನಿಂತು ನಿಧಾನಕ್ಕ ಇಳೀತು, ಮೈಯಾಗಿನ ನೀರು ಬತ್ತಿತ್ತು. ನಾ ಕೊಟ್ಟ ಪೊಟ್ಟಣ ದೇವರ ಜಗಲಿ ಮ್ಯಾಲ, ಕುಂಕುಮದ ಭರಣಿ ಬಾಜೂಕ ಇತ್ತು, ಒಡೆದೇ ಇಲ್ಲ! ಖಾಸಗಿ ದವಾಖಾನ್ಯಾಗ ಸೂಜಿ ಮಾಡಿಸ್ಕೊಂಡು ಬಂದಿದ್ರು, ಆಂಟಿಬಯೋಟಿಕ್ ಸಿರಪ್ಪೂ ಇತ್ತು. ಚೀಟ್ಯಾಗ ಓಆರ್‌ಎಸ್ ಹೆಸರಿಲ್ಲ. "ಡಾಕ್ಟರೇ ಬರೀಲಿಲ್ಲ, ಪುಕ್ಕಟೆ ಪುಡಿ ಹೆಂಗ ನಂಬ್ಲಿ ಅಕ್ಕಾ" ಅಂದ್ಳು ತಾಯಿ. ಅಲ್ಲೇ ಲೀಟರ್ ನೀರಿಗೆ ಕಲಸಿ, ಚಮಚಲೆ ಕುಡಿಸ್ಕೋತ ಆರೋಗ್ಯ ಕೇಂದ್ರಕ್ಕ ಕರ್ಕೊಂಡು ಹೋದ್ವಿ. ನಾಲ್ಕು ತಾಸಿನ್ಯಾಗ ಕೂಸು ಉಚ್ಚಿ ಮಾಡ್ತು. ಅದನ್ನ ನೋಡಿ ನಾ ಅತ್ತುಬಿಟ್ಟೆ. ಮುಂದಿನ ಮನ್ಯಾಗ ಹಿಂಗ ಆಗಬಾರ್ದಂದ್ರ ಏನು ಮಾಡ್ಲಿ?

ನಿವೃತ್ತ ವೈದ್ಯ, ಧಾರವಾಡ:
ತಾಯಿ, ನೀವು ಮಾಡಿದ್ದು ಸರಿ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿದ್ದ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು, ಅಂದರೆ ಓಆರ್‌ಎಸ್ ಅನ್ನೇ, ಡ್ರಮ್ಮುಗಳಲ್ಲಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅಷ್ಟು ಹಳೆಯ, ಅಷ್ಟು ಗಟ್ಟಿಯಾದ ಪುರಾವೆ ಇದು.

ಹಾಗಾದರೆ ಚೀಟಿಯಲ್ಲಿ ಯಾಕಿಲ್ಲ? 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ಕರ್ನಾಟಕ ಮತ್ತು ಬಿಹಾರದಲ್ಲೇ ನಡೆದದ್ದು. ಎರಡು ವರ್ಷದ ಮಗುವಿಗೆ ಭೇದಿ ಎಂದು ಹೇಳಿಕೊಂಡು ತರಬೇತಾದ ನಟರು ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿ ಹೋದರು. ಓಆರ್‌ಎಸ್ ಬರೆಯದಿರಲು ದಾಸ್ತಾನಿಲ್ಲದ್ದಾಗಲಿ, ಬೇರೆ ಔಷಧಿಯ ಲಾಭವಾಗಲಿ ದೊಡ್ಡ ಕಾರಣವಾಗಿರಲಿಲ್ಲ. ಮನೆಯವರಿಗೆ ಅದು ಬೇಕಿಲ್ಲ ಎಂದು ವೈದ್ಯರೇ ಅಂದುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಕಾರಣ. ಓಆರ್‌ಎಸ್ ಬೇಕು ಎಂದು ಬಾಯಿಬಿಟ್ಟು ಕೇಳಿದಾಗ ಬರೆದುಕೊಡುವ ಪ್ರಮಾಣ 27 ಶೇಕಡಾಂಶ ಏರಿತು. ಓದಿದ ದಿನ ನನ್ನ ಹಳೆಯ ಚೀಟಿಗಳೆಲ್ಲ ನೆನಪಾಗಿ ಸಂಕಟವಾಯಿತು. ನಾನೂ ಹಾಗೇ ಅಂದುಕೊಂಡಿದ್ದೆ.

ಔಷಧಿ ಅಂಗಡಿ, ಹಾವೇರಿ:
ಅಕ್ಕಾರ, ಅಂಗಡಿಗೆ ಬಂದವರು ಡಬ್ಬಿಯಲ್ಲಿರೋ ಸಿಹಿ ಪಾನೀಯ ಕೇಳ್ತಾರ್ರೀ. ಸಕ್ಕರೆ ಹೆಚ್ಚಾದ್ರ ಕರುಳಿಗೆ ಇನ್ನಷ್ಟು ನೀರು ಎಳೀತದ, ಭೇದಿ ಹೆಚ್ಚಾಗ್ತದ. ಅಂಥಾ ಪಾನೀಯಕ್ಕ ಓಆರ್‌ಎಸ್ ಅಂತ ಹೆಸರಿಡಬಾರ್ದು ಅಂತ 2025ರ ಅಕ್ಟೋಬರ್‌ನ್ಯಾಗ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಮಾಡೇತಿ. ಇನ್ನೊಂದು, ಭೇದಿಗೆ ಓಆರ್‌ಎಸ್ ಜೋಡಿ ಕೊಡೋ ಜಿಂಕ್ ಗುಳಿಗಿ 14 ದಿನ ಅಂದ್ರ 14 ದಿನಾನೂ ಕೊಡ್ಬೇಕು. ಮೂರನೇ ದಿನ ಭೇದಿ ನಿಂತ್ರ ಗುಳಿಗಿನೂ ನಿಲ್ಲಸ್ತಾರ.

ಆಶಾ ಕಾರ್ಯಕರ್ತೆ:
ಸಾಹೇಬ್ರ, ಕೇಳಿದ್ರ ಬರೀತಾರ ಅನ್ನೋದು ನಂಗ ಹೊಳದೇ ಇರ್ಲಿಲ್ಲ. ಇವತ್ತು ಆರು ಮನಿಗೆ ಹೋಗಿ, ದವಾಖಾನಿಗೆ ಹೋಗೋ ಮುಂದ ಪೊಟ್ಟಣ ಕೈಯಾಗ ಹಿಡ್ಕೊಂಡು ಹೋಗ್ರಿ, "ಇದನ್ನ ಹೆಂಗ ಕುಡಿಸ್ಲಿರೀ" ಅಂತ ಡಾಕ್ಟರಿಗೆ ಕೇಳ್ರಿ ಅಂತ ಹೇಳಿ ಬಂದೀನಿ. ಆ ಕೂಸಿನ ತಾಯಿ ಗುಳಿಗಿ ಪಟ್ಟಿ ತೋರಿಸಿದ್ಳು. ಐದು ಖಾಲಿ ಆಗ್ಯಾವ, ಇನ್ನೂ ಒಂಬತ್ತು ಅದಾವ.