ಮಗು ಮನೆಗೆ ಬಂದ ಮೇಲೆ ನರ್ಸ್ ಖರ್ಚು ಯಾರು ಕೊಡುತ್ತಾರೆ?

(ಮುಂಬೈ–ಪುಣೆ ಕನ್ನಡಿಗರ ಗುಂಪು. ಉತ್ತರಿಸುವವರು ಮಕ್ಕಳ ಐಸಿಯುನಲ್ಲಿ ದುಡಿದ ನರ್ಸ್.)

ಮುಲುಂಡ್: ಆಯುಷ್ಮಾನ್ ಕಾರ್ಡ್ ಇದ್ದರೆ ಮನೆಗೆ ನರ್ಸ್ ಕಳಿಸುತ್ತಾರಾ ಮೇಡಂ?

ನರ್ಸ್: ಇಲ್ಲ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಅದೂ ಆಸ್ಪತ್ರೆಗೆ ಸೇರಿದರೆ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ ಖರ್ಚು ಸೇರುತ್ತದೆ. ನರ್ಸ್ ಸಂಬಳ ಸೇರುವುದಿಲ್ಲ.

ಡೊಂಬಿವಲಿ: ಮಗಳಿಗೆ 14 ತಿಂಗಳು. ಎಸ್‌ಎಂಎ, ಸ್ನಾಯುಗಳ ಬಲ ಕುಂದಿಸುವ ಹುಟ್ಟು ಕಾಯಿಲೆ. ಉಸಿರಾಡಲು ಕುತ್ತಿಗೆಗೆ ಟ್ಯೂಬ್ ಹಾಕಿದ್ದಾರೆ. ಶುಕ್ರವಾರ ಡಿಸ್ಚಾರ್ಜ್ ಅಂತೆ. ಏಜೆನ್ಸಿಯವರು ತಿಂಗಳಿಗೆ 45 ಸಾವಿರ ಕೇಳುತ್ತಾರೆ, ನಮ್ಮವರ ಸಂಬಳವೇ ಅಷ್ಟಿಲ್ಲ. ಸಕ್ಷನ್, ಅಂದರೆ ಟ್ಯೂಬಿನಿಂದ ಕಫ ಎಳೆದು ತೆಗೆಯುವುದನ್ನು ಒಂದೇ ಸಲ ತೋರಿಸಿದರು. ರಾತ್ರಿ ನನಗೆ ನಿದ್ದೆ ಹತ್ತಿಬಿಟ್ಟರೆ?

ನರ್ಸ್: ಒಂದೇ ಸಲವಾ? ಹಾಗಾದರೆ ಶುಕ್ರವಾರ ಹೊರಡಬೇಡಿ. ನೀವು, ಮನೆಯ ಇನ್ನೊಬ್ಬರು, ವಾರ್ಡ್ ಸಿಸ್ಟರ್ ಎದುರಿಗೇ ನಿಮ್ಮ ಕೈಯಾರೆ ಮಾಡಿ ತೋರಿಸಿ, ಕೈ ಪಳಗುವವರೆಗೆ. ಒಂದು ಸಲದ ಸಕ್ಷನ್ 10 ಸೆಕೆಂಡಿನೊಳಗೆ ಮುಗಿಯಬೇಕು. ಟ್ಯೂಬ್ ಕಟ್ಟಿಕೊಂಡರೆ ಬದಲಿಸುವುದನ್ನೂ ಕಲಿಯಿರಿ. ಅದೇ ಅಳತೆಯ ಒಂದು ಟ್ಯೂಬ್, ಅದಕ್ಕಿಂತ ಒಂದು ಸೈಜ್ ಚಿಕ್ಕದು ಇನ್ನೊಂದು, ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್, ಇವು ಮಗುವಿನ ಪಕ್ಕದಲ್ಲೇ ಇರಲಿ. ಕರೆಂಟ್ ಹೋದರೂ ನಡೆಯುವ, ಕಾಲಲ್ಲಿ ಒತ್ತುವ ಸಕ್ಷನ್ ಯಂತ್ರ ಬೇಕು. ಈ ಟ್ಯೂಬ್ ಇರುವ ಮಗು ಅತ್ತರೆ ದನಿ ಬರುವುದಿಲ್ಲ. ಅದಕ್ಕೇ ರಾತ್ರಿ ಅಲಾರಂ ಇರುವ ಆಕ್ಸಿಮೀಟರ್ ಹಾಕಿ, ಇಬ್ಬರು ಪಾಳಿ ಮಾಡಿ.

ಇನ್ನು ದುಡ್ಡು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಕಲಂ 24ರಲ್ಲಿ, ಹೆಚ್ಚು ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಎಂಬ ಮಾತಿದೆ. ರಾಜ್ಯ ಯೋಜನೆ ಮಾಡಿದರಷ್ಟೇ ಅದು ಕೈಗೆ ಬರುವುದು. ಕೇರಳದ ಇಂಥ ಯೋಜನೆ ಆಶ್ವಾಸಕಿರಣಂನಲ್ಲಿ ತಿಂಗಳಿಗೆ 600 ರೂಪಾಯಿ. ಅದರಲ್ಲಿ ಯಾವ ನರ್ಸ್ ಬರುತ್ತಾರೆ? ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಅಪರೂಪದ ಕಾಯಿಲೆಗಳ ಕೇಂದ್ರ ಇದೆ, 50 ಲಕ್ಷದವರೆಗೆ ನೆರವಿಗೆ ಹೆಸರು ಕೊಡಿ. ಆ ದುಡ್ಡು ಚಿಕಿತ್ಸೆಗೆ, ನೇರ ಆಸ್ಪತ್ರೆಗೇ ಹೋಗುತ್ತದೆ. ಆಸ್ಪತ್ರೆ ಬಾಗಿಲು ದಾಟಿದ ಮೇಲೆ ಎಲ್ಲಾ ತಾಯಿಯ ಮೇಲೆ. ಇದು ನನಗೆ ತುಂಬಾ ನೋವಿನ ವಿಷಯ.

ಹಡಪ್ಸರ್: ಆಯುಷ್ಮಾನ್‌ನಲ್ಲಿ ನರ್ಸ್ ಸಿಗುತ್ತಾರಾ?

ನರ್ಸ್: ಮೇಲೆ ಓದಿ. ಇಲ್ಲ.

ಮಡಗಾಂವ್: ನಮ್ಮ ಮಗನಿಗೆ ಸೆರೆಬ್ರಲ್ ಪಾಲ್ಸಿ, ಗೋವಾದಲ್ಲಿ ಏನಾದರೂ ಇದೆಯಾ?

ಠಾಣೆ: ಕರ್ಪೂರ, ಓಮದ ಗಂಟು ಮೂಸಿಸಿದರೆ ಆಕ್ಸಿಜನ್ ಏರುತ್ತದೆ. ಎಲ್ಲರಿಗೂ ಕಳಿಸಿ 🙏

ನರ್ಸ್: ಯಾರಿಗೂ ಕಳಿಸಬೇಡಿ! ಕರ್ಪೂರದಿಂದ ಪುಟ್ಟ ಮಕ್ಕಳಿಗೆ ಫಿಟ್ಸ್ ಬರಬಹುದು. ಆ ಮಗು ಉಸಿರಾಡುವುದು ಮೂಗಿನಿಂದಲ್ಲ, ಕುತ್ತಿಗೆಯ ಟ್ಯೂಬಿನಿಂದ. ದಯವಿಟ್ಟು ಅಳಿಸಿ.

ಠಾಣೆ: ನಮ್ಮಜ್ಜಿ ಕಾಲದಿಂದ ಮಾಡಿದ್ದೇವೆ, ಯಾರಿಗೂ ಏನೂ ಆಗಿಲ್ಲ.

ದಹಿಸರ್: ಅಜ್ಜಿ ಕಾಲದಲ್ಲಿ ಇಂಥ ಮಕ್ಕಳು ಬದುಕಿ ಮನೆಗೇ ಬರುತ್ತಿರಲಿಲ್ಲ ಸಾರ್.

ಠಾಣೆ: ಹಿರಿಯರ ಜೊತೆ ಮಾತಾಡುವ ರೀತಿಯಾ ಇದು?

ಕಲ್ಯಾಣ್: ಸುಮ್ನೆ ಜಗಳ ಯಾಕೆ? ಆಶಾ ಕಾರ್ಯಕರ್ತೆ ಪುಕ್ಕಟೆ ಮನೆಗೆ ಬರುತ್ತಾರಲ್ವಾ?

ನರ್ಸ್: ಅದು ಹುಟ್ಟಿದ 42 ದಿನದವರೆಗೆ, ಆಮೇಲೆ 15 ತಿಂಗಳವರೆಗೆ ಮೂರು ತಿಂಗಳಿಗೊಮ್ಮೆ. ತೂಕ, ಊಟ, ಲಸಿಕೆ ನೋಡುತ್ತಾರೆ. ಟ್ಯೂಬ್ ನೋಡುವುದು ಅವರ ಕೆಲಸ ಅಲ್ಲ.

ಕಲ್ಯಾಣ್: ಹಾಗಾದರೆ ಊರಿಗೆ ಕಳಿಸಲಿ, ಅಲ್ಲಿ ಜನ ಜಾಸ್ತಿ.

ಡೊಂಬಿವಲಿ: ಊರಲ್ಲಿ ದಿನಕ್ಕೆ ನಾಲ್ಕು ತಾಸು ಕರೆಂಟ್ ಇರಲ್ಲ. ನೀವು ಬಂದು ಒಂದು ರಾತ್ರಿ ಕೂರುತ್ತೀರಾ?

ಠಾಣೆ: ಗುಂಪು ಬಿಡುತ್ತಿದ್ದೇನೆ.

ಡೊಂಬಿವಲಿ: ಮೇಡಂ, ನಮ್ಮ ಮಾವ ಸಕ್ಷನ್ ಕಲಿಯುತ್ತೇನೆ ಎನ್ನುತ್ತಾರೆ.

ನರ್ಸ್: ಅವರಿಗೆ ವಯಸ್ಸೆಷ್ಟು? ರಾತ್ರಿ ಕಣ್ಣು ಸರಿಯಾಗಿ ಕಾಣುತ್ತದಾ? ನಾಳೆ ವಾರ್ಡಿಗೆ ಕರೆದುಕೊಂಡು ಹೋಗಿ, ಅಲ್ಲಿಂದಲೇ ನನಗೆ ಫೋನ್ ಮಾಡಿ.